ಕಿವಿ ಹಿಂದಿನ ಕೆಂಪು

ಇವತ್ತು ನಮ್ಮ ಆಸ್ಪತ್ರ್ಯಾಗ ಎಬೋಲಾ ತಯಾರಿ ಅಂತ ಪಿಪಿಇ ಕಿಟ್ ತರಬೇತಿ. ಕಲಬುರಗಿ ಬಿಸಲಾಗ ಆ ಸೂಟು, ಕೇಳಬ್ಯಾಡ್ರಿ! ಹಾಕ್ಕೊಳ್ಳೋದು ಸರಳ, ಬಿಚ್ಚೋದ್ರಾಗ ಸಾಕುಬೇಕಾಯ್ತು. ಗ್ಲೌಸಿಗೆ ಕೆಂಪು ಬಣ್ಣ ಹಚ್ಚಿ, "ಇದು ರೋಗಿ ರಕ್ತ ಅನ್ಕೊಂಡು ಬಿಚ್ಚ್ರಿ" ಅಂದ್ರು. ಎಲ್ಲಾ ಬಿಚ್ಚಿ ಕನ್ನಡಿ ನೋಡಿದ್ರ ಕಿವಿ ಹಿಂದ ಒಂದು ಗೆರಿ. ಎದುರು ನಿಂತು ನೋಡ್ತಿದ್ದ ಹಿರಿಯ ಸಿಸ್ಟರ್, "ನೀ ಹೋದಿ ನೋಡವ್ವಾ" ಅಂತ ನಕ್ಕರು. ನನಗ ನಗು ಬರಲಿಲ್ಲ.

ಎಬೋಲಾ ರೋಗ ಕೊರೊನಾದಂಗ ಗಾಳ್ಯಾಗ ಹರಡೋದಲ್ಲ. ರಕ್ತ, ವಾಂತಿ, ಭೇದಿ ಮುಟ್ಟಿದವರಿಗೆ ಹತ್ತತದ. ಅಂದ್ರ ಆರೈಕೆ ಮಾಡಿದವರಿಗೆ, ಹೆಣ ತೊಳದವರಿಗೆ. 2014-16ರಾಗ ಪಶ್ಚಿಮ ಆಫ್ರಿಕಾದಾಗ 11,300ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಎಷ್ಟೋ ಮಂದಿಗೆ ರೋಗ ಬಂದದ್ದು ಮಣ್ಣಿಗೆ ಹೋದಲ್ಲೇ.

ಮಣ್ಣಿಗೆ ಬರಬ್ಯಾಡ್ರಿ ಅಂದ್ರ ನಮ್ಮ ಮಂದಿ ಕೇಳ್ತಾರೇನು? 2020ರ ಮಾರ್ಚ್‌ನಾಗ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮೂರಿನವರದೇ. ಮುಂದ ಕಾಕಾ ಹೋದಾಗ ಮುಖ ನೋಡ್ಲಿಕ್ಕೂ ಬಿಡಲಿಲ್ಲ ಅಂತ ಅವ್ವ ಇವತ್ತಿಗೂ ಅಂತಾಳ.

ಮೂರು ಸಲ ಸಾಬೂನು ಹಚ್ಚಿ ತೊಳದೀನಿ. ಕಿವಿ ಹಿಂದಿನ ಕೆಂಪು ಇನ್ನಾ ಅದ.