ಲೈಪ್‌ಜಿಗ್ ಪುಸ್ತಕ ಮೇಳಕ್ಕೆ ಹೊರಟವರು ಬುಧವಾರವೇ ತಲುಪಿ

ಜರ್ಮನಿಯ ಲೈಪ್‌ಜಿಗ್ ಪುಸ್ತಕ ಮೇಳ ನಡೆಯುವುದು ಸಾಮಾನ್ಯವಾಗಿ ಮಾರ್ಚ್ ದ್ವಿತೀಯಾರ್ಧದಲ್ಲಿ, ಗುರುವಾರದಿಂದ ಭಾನುವಾರದವರೆಗೆ. ಯುರೋಪಿನ ನೆರೆಹೊರೆಯ ಜನ ಒಬ್ಬರನ್ನೊಬ್ಬರು ಅರಿಯಲೆಂದು ಕೊಡುವ ಲೈಪ್‌ಜಿಗ್ ಪುಸ್ತಕ ಪ್ರಶಸ್ತಿಯ ಪ್ರದಾನ ಮಾತ್ರ ಅದರ ಹಿಂದಿನ ಸಂಜೆ, ಬುಧವಾರ. ಅದೂ ಮೇಳದ ಮೈದಾನದಲ್ಲಲ್ಲ. ಊರ ನಡುವೆ ಆಗುಸ್ಟುಸ್‌ಪ್ಲಾಟ್ಸ್ ಚೌಕದ ಗೆವಾಂಡ್‌ಹೌಸ್ ಸಂಗೀತ ಸಭಾಂಗಣದಲ್ಲಿ. ಗುರುವಾರ ಬೆಳಿಗ್ಗೆ ರೈಲಿಳಿದವರಿಗೆ ಅದು ತಪ್ಪಿತೆಂದೇ ಲೆಕ್ಕ.

ಹೊಸಬರು ಎಡವುವುದು ಹೆಸರಿನಲ್ಲಿ. ಬುಧವಾರದ ಈ ಪ್ರಶಸ್ತಿ ಶುರುವಾದದ್ದು 1994ರಲ್ಲಿ, ಮೊತ್ತ 20,000 ಯುರೋ. ಗುರುವಾರ ಮಧ್ಯಾಹ್ನ ಮೇಳದ ಗಾಜಿನ ಹಾಲ್‌ನಲ್ಲಿ ಘೋಷಿಸುವ ‘ಲೈಪ್‌ಜಿಗ್ ಪುಸ್ತಕ ಮೇಳ ಪ್ರಶಸ್ತಿ’ಯೇ ಬೇರೆ, ಅದು 2005ರದು, ಕಥನ, ಕಥನೇತರ, ಅನುವಾದ ಎಂದು ಮೂರು ವಿಭಾಗ. ಅಲ್ಲಿ ಗೆದ್ದವರ ಹೆಸರು ಕೊನೇ ಗಳಿಗೆಯವರೆಗೂ ಗುಟ್ಟು. ಬುಧವಾರದ ಪ್ರಶಸ್ತಿ ಯಾರಿಗೆಂದು ಮುಂಚೆಯೇ ಗೊತ್ತಾಗಿರುತ್ತದೆ. ಹೊರಡುವ ಮುನ್ನ ಆ ಪುಸ್ತಕದ ಇಂಗ್ಲಿಷ್ ಅನುವಾದವನ್ನಾದರೂ ಓದಿಕೊಂಡು ಹೋಗಿ, ಇಲ್ಲದಿದ್ದರೆ ಜರ್ಮನ್ ಭಾಷಣಗಳ ನಡುವೆ ತಲೆಬುಡ ತಿಳಿಯುವುದಿಲ್ಲ. ಮೊದಲ ವರ್ಷ ಪೋಲೆಂಡಿನ ಪತ್ರಕರ್ತ-ಲೇಖಕ ಕಪುಶ್ಚಿನ್‌ಸ್ಕಿ, 1997ರಲ್ಲಿ ಹಂಗೇರಿಯ ಕಾದಂಬರಿಕಾರ ಇಮ್ರೆ ಕೆರ್ತೇಸ್, 1998ರಲ್ಲಿ ಬೆಲಾರೂಸಿನ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಇದನ್ನು ಪಡೆದರು. ಕೊನೆಯ ಇಬ್ಬರಿಗೂ ನೊಬೆಲ್ ಬಂದದ್ದು ಆಮೇಲೆ. 2014ರಲ್ಲಿ ನಮ್ಮ ದೇಶದ ಲೇಖಕ ಪಂಕಜ್ ಮಿಶ್ರಾ ಪಡೆದರು. ‘ನೆರೆಹೊರೆ’ ಅನ್ನುವ ಮಾತನ್ನು ತೀರ್ಪುಗಾರರು ಎಷ್ಟು ದೂರ ಎಳೆಯಬಲ್ಲರು ಎಂಬುದಕ್ಕೆ ಅದೇ ಸಾಕ್ಷಿ.

ಗೆವಾಂಡ್‌ಹೌಸ್ ಸಮಾರಂಭ ಮುಖ್ಯವಾಗಿ ಆಹ್ವಾನಿತರಿಗೆ. ಬಾಗಿಲಲ್ಲಿ ನಿಂತರೆ ಹೇಗಾದರೂ ಒಳಗೆ ಬಿಟ್ಟಾರು ಎಂಬ ನಮ್ಮೂರ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಆಹ್ವಾನ ಸಿಗದಿದ್ದರೆ ಬೇಸರ ಬೇಡ. ಮಾರನೇ ದಿನದಿಂದ ಪ್ರಶಸ್ತಿ ಪಡೆದವರು ಮೇಳದ ವೇದಿಕೆಗಳಲ್ಲೇ ಮಾತಿಗೆ ಕೂರುತ್ತಾರೆ. ಮೇಳದ ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ ಹಾಲ್, ವೇದಿಕೆ, ಗಂಟೆ ಬರೆದಿಟ್ಟುಕೊಳ್ಳಿ. ಗಾಜಿನ ಹಾಲ್‌ನ ‘ನೀಲಿ ಸೋಫಾ’ ಸಂದರ್ಶನಗಳಿಗೆ ಅರ್ಧ ಗಂಟೆ ಮುಂಚೆ ಹೋದರೆ ಕುರ್ಚಿ, ತಡವಾದರೆ ನಿಂತೇ ಕೇಳಬೇಕು.

ವೀಸಾ ಬೆಂಗಳೂರಿನಿಂದಲೇ ಆಗುತ್ತದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಶುಲ್ಕ 90 ಯುರೋ, ವಿಮೆ ಕನಿಷ್ಠ 30,000 ಯುರೋ ಮೊತ್ತದ್ದು. ಮಾರ್ಚ್ ಪ್ರಯಾಣಕ್ಕೆ ಡಿಸೆಂಬರ್‌ನಲ್ಲೇ ಸ್ಲಾಟ್ ಹಿಡಿಯುವುದು ಕ್ಷೇಮ. ಬರ್ಲಿನ್‌ನಿಂದ ಲೈಪ್‌ಜಿಗ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಫ್ರಾಂಕ್‌ಫರ್ಟ್‌ನಿಂದ ಸುಮಾರು ಮೂರು.

ವಸತಿಯೇ ದೊಡ್ಡ ತಲೆನೋವು. ಮೇಳದ ವಾರ ಲೈಪ್‌ಜಿಗ್ ಹೋಟೆಲುಗಳ ದರ ಏರಿರುತ್ತದೆ. ಪಕ್ಕದ ಹಾಲೆ ಊರಿನಲ್ಲಿ ಉಳಿಯಿರಿ. ಅಲ್ಲಿಂದ ಹೊರಡುವ ಎಸ್5 ಲೋಕಲ್ ರೈಲು ವಿಮಾನ ನಿಲ್ದಾಣದ ಮೂಲಕ ಬಂದು, ಲೈಪ್‌ಜಿಗ್ ಮುಖ್ಯ ನಿಲ್ದಾಣಕ್ಕೂ ಮೊದಲೇ ಮೇಳದ ಮೈದಾನದ ನಿಲ್ದಾಣವಾದ ‘ಲೈಪ್‌ಜಿಗ್ ಮೆಸ್ಸೆ’ಯಲ್ಲಿ ನಿಲ್ಲುತ್ತದೆ, ಊರೊಳಗೆ ಹೋಗಿ ವಾಪಸು ಬರುವ ಸುತ್ತು ಉಳಿಯಿತು. ಅಲ್ಲಿಳಿದು ಸ್ವಲ್ಪ ನಡೆಯಬೇಕು. ಲೈಪ್‌ಜಿಗ್‌ನಲ್ಲೇ ಉಳಿದವರಿಗೆ ಮುಖ್ಯ ನಿಲ್ದಾಣದ ಮುಂದಿನ 16ನೇ ನಂಬರ್ ಟ್ರಾಮ್ ಇದೆ, ಮೇಳದ ಹತ್ತಿರಕ್ಕೇ ಬಿಡುತ್ತದೆ. ಮುಂಗಡ ಕೊಂಡ ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಒತ್ತಲು ಮರೆಯಬೇಡಿ. ಸಿಕ್ಕಿಬಿದ್ದರೆ ದಂಡ 60 ಯುರೋ, ‘ಗೊತ್ತಿರಲಿಲ್ಲ’ ಅಂದರೆ ಕೇಳುವವರಿಲ್ಲ.

ಗಾಜಿನ ಹಾಲ್ ಉದ್ದ ಸುಮಾರು 240 ಮೀಟರ್, ಅಗಲ 80. ಹೊರಗೆ ಮಾರ್ಚ್ ಚಳಿ, ಒಳಗೆ ಬಿಸಿಲೂ ಜನರೂ ಸೇರಿ ಸೆಕೆ. ಒಂದೇ ದಪ್ಪ ಕೋಟಿನ ಬದಲು ಒಂದರ ಮೇಲೊಂದು ತೆಳು ಬಟ್ಟೆ ಹಾಕಿಕೊಂಡರೆ ಬೇಕಾದಾಗ ಬಿಚ್ಚಬಹುದು. ಶನಿವಾರ ಸಾಹಿತ್ಯಕ್ಕೆ ಹೋಗುವುದು ವ್ಯರ್ಥ: ಜೊತೆಯಲ್ಲೇ ನಡೆಯುವ ಮಾಂಗಾ (ಜಪಾನಿ ಚಿತ್ರಕಥೆ)-ಕಾಮಿಕ್ ಮೇಳಕ್ಕೆ ಬಣ್ಣದ ಕೂದಲು, ರಟ್ಟಿನ ಕತ್ತಿ, ಆಳೆತ್ತರದ ರೆಕ್ಕೆ ತೊಟ್ಟ ಹುಡುಗ ಹುಡುಗಿಯರು ತುಂಬಿರುತ್ತಾರೆ. ನೋಡಲು ಸೊಗಸು, ದಾರಿ ಮಾತ್ರ ಸಿಗುವುದಿಲ್ಲ. ಗುರುವಾರ, ಶುಕ್ರವಾರಗಳೇ ಮೇಲು.

ಸಂಜೆ ಲೈಪ್‌ಜಿಗ್ ಊರೊಳಗೆ ಮರಳಿ. ‘ಲೈಪ್‌ಜಿಗ್ ಓದುತ್ತದೆ’ ಉತ್ಸವದ ಅಂಗವಾಗಿ ಕೆಫೆ, ಗ್ರಂಥಾಲಯ, ಪುಸ್ತಕದಂಗಡಿಗಳಲ್ಲಿ ವಾಚನ ನಡೆಯುತ್ತದೆ. ಗೆವಾಂಡ್‌ಹೌಸ್ ಹತ್ತಿರದ ಮೊರಿಟ್ಸ್‌ಬಾಸ್ಟೈ ಹಳೆಯ ಕೋಟೆಯ ನೆಲಮಾಳಿಗೆ. 1970ರ ದಶಕದಲ್ಲಿ ವಿದ್ಯಾರ್ಥಿಗಳು ಮಣ್ಣು ಹೊತ್ತು ತೆರವುಗೊಳಿಸಿದ್ದು, ಅವರಲ್ಲಿ ಮುಂದೆ ಜರ್ಮನಿಯ ಚಾನ್ಸಲರ್ ಆದ ಆಂಗೆಲಾ ಮೆರ್ಕೆಲ್ ಕೂಡ ಒಬ್ಬರು. ಇಲ್ಲಿ ತಡರಾತ್ರಿಯವರೆಗೂ ವಾಚನ ನಡೆಯುತ್ತದೆ. ಹಾಲೆಗೆ ಕೊನೆಯ ರೈಲು ಎಷ್ಟಕ್ಕೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ನಮ್ಮ ಪುಸ್ತಕ ಮೇಳಗಳ ರಿಯಾಯಿತಿಯ ಆಸೆ ಇಟ್ಟುಕೊಂಡು ಹೋಗಬೇಡಿ. ಜರ್ಮನಿಯಲ್ಲಿ ಹೊಸ ಪುಸ್ತಕದ ಬೆಲೆ ಕಾನೂನಿನಿಂದಲೇ ನಿಗದಿ, ಮೇಳದಲ್ಲೂ ಅಂಗಡಿಯಲ್ಲೂ ಒಂದೇ. ಹಾಗಾಗಿ ದಿನವಿಡೀ ಹೊರುವ ಬದಲು ಹಿಂಬದಿಯ ಐಎಸ್‌ಬಿಎನ್ ಸಂಖ್ಯೆಯ ಫೋಟೋ ತೆಗೆದುಕೊಂಡು ಲೈಪ್‌ಜಿಗ್‌ನ ಯಾವುದಾದರೂ ಪುಸ್ತಕದಂಗಡಿಯಲ್ಲಿ ತೋರಿಸಿ. ಅವರಲ್ಲಿ ಇಲ್ಲದಿದ್ದರೂ ಸಾಮಾನ್ಯವಾಗಿ ಮಾರನೇ ದಿನವೇ ತರಿಸಿಕೊಡುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶುಕ್ರವಾರವೇ ಹೇಳಿಡಿ.