ಇದು ನಿಜವಾಗ್ಲೂ ಚೆಂಗೀಸ್ ಖಾನ್ ಹೇಳಿದ್ದಾ?

ಹೋದ ವಾರ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದರು. ಉಣ್ಣೆ ಟೋಪಿಯ ಕುದುರೆ ಸವಾರ, ಹಿಂದೆ ಕೆಂಪು ಆಕಾಶ, ಮೇಲೆ ದಪ್ಪ ಅಕ್ಷರ: ‘ಕುದುರೆ ಮೇಲೆ ಕೂತು ಜಗತ್ತು ಗೆಲ್ಲುವುದು ಸುಲಭ, ಇಳಿದು ಆಳುವುದೇ ಕಷ್ಟ – ಚೆಂಗೀಸ್ ಖಾನ್.’ ಕೆಳಗೆ ಅವರ ಪ್ರಶ್ನೆ: ‘ನೀನು ಮಂಗೋಲರ ಬಗ್ಗೆ ಓದ್ತಾ ಇರ್ತೀಯಲ್ಲ, ಇದು ನಿಜವಾಗ್ಲೂ ಅವನು ಹೇಳಿದ್ದಾ?’

ಈ ಪ್ರಶ್ನೆ ಕೇಳುವವರು ಚಿಕ್ಕಪ್ಪ ಒಬ್ಬರೇ ಅಲ್ಲ. ಮಾತು ಬೇರೆ ಬೇರೆ ಇರುತ್ತೆ, ಪ್ರಶ್ನೆ ಮಾತ್ರ ಇದೇ. ಒಂದ್ಸಲ ಬರೆದಿಟ್ಟರೆ ಮುಂದೆ ಲಿಂಕ್ ಕಳಿಸಿದರಾಯ್ತು.

ಮೊದಲು ಈ ಕುದುರೆ. ಇದು ಚೆಂಗೀಸ್ ಹುಟ್ಟುವುದಕ್ಕೆ ಸುಮಾರು 1,350 ವರ್ಷ ಮೊದಲಿನ ಮಾತು. ಚೀನಾದಲ್ಲಿ ಹಾನ್ ವಂಶ ಕಟ್ಟಿದ ಲಿಯು ಬಾಂಗ್‌ಗೆ ಪುಸ್ತಕ ಅಂದ್ರೆ ಅಲರ್ಜಿ. ಲು ಜಿಯಾ ಅನ್ನುವ ಪಂಡಿತ ಮಾತೆತ್ತಿದರೆ ಹಳೇ ಗ್ರಂಥ ತೆಗೆಯುತ್ತಿದ್ದ. ‘ನಾನು ರಾಜ್ಯ ಗೆದ್ದಿದ್ದು ಕುದುರೆ ಮೇಲೆ, ನಿನ್ನ ಪುಸ್ತಕದಿಂದ ನನಗೇನು?’ ಅಂತ ರಾಜ ಗದರಿದ. ‘ಗೆದ್ದಿರಿ, ಸರಿ. ಕುದುರೆ ಮೇಲೆ ಕೂತೇ ಆಳೋಕಾಗುತ್ತಾ?’ ಅಂದನಂತೆ ಲು ಜಿಯಾ. ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯಾನ್ ತನ್ನ ಚರಿತ್ರೆಯಲ್ಲಿ ಇದನ್ನು ಬರೆದಿದ್ದಾನೆ. ಮುಂದೆ ಯೆಲು ಚುತ್ಸಾಯ್ ಅನ್ನುವ ಮಂತ್ರಿ ಇದೇ ಮಾತನ್ನು ಚೆಂಗೀಸನ ಮಗ ಒಗೆದೈಗೆ ಹೇಳಿದ ಅಂತಾರೆ. ಮಂತ್ರಿ ಮಗನಿಗೆ ಹೇಳಿದ್ದು ಕೊನೆಗೆ ಅಪ್ಪನ ಖಾತೆಗೆ ಜಮಾ ಆಯ್ತು.

‘ಕೋಪದಲ್ಲಿ ಮಾಡಿದ ಕೆಲಸ ಕೆಟ್ಟೇ ಕೆಡುತ್ತೆ’ ಅನ್ನುವುದು ಇನ್ನೊಂದು. ಇದು ಬಂದಿದ್ದು ಗಿಡುಗದ ಕತೆಯಿಂದ. ಚೆಂಗೀಸ್ ಬೇಟೆಗೆ ಹೋದಾಗ ಬಂಡೆಯಿಂದ ತೊಟ್ಟಿಕ್ಕುವ ನೀರು ಹಿಡಿದ. ಸಾಕಿದ ಗಿಡುಗ ಬಟ್ಟಲು ಬೀಳಿಸಿತು. ಮತ್ತೆ ಹಿಡಿದ, ಮತ್ತೆ ಬೀಳಿಸಿತು. ಸಿಟ್ಟಿನಲ್ಲಿ ಕತ್ತಿ ಬೀಸಿ ಕೊಂದೇಬಿಟ್ಟ. ಮೇಲೆ ಹತ್ತಿ ನೋಡಿದರೆ ನೀರಿನಲ್ಲಿ ವಿಷದ ಹಾವು ಸತ್ತು ಬಿದ್ದಿದೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಗಿಡುಗದ ಜಾಗದಲ್ಲಿ ಮುಂಗುಸಿ, ಬಟ್ಟಲಿನ ಜಾಗದಲ್ಲಿ ತೊಟ್ಟಿಲು ಇಟ್ಟು ನೋಡಿ, ನಮ್ಮ ಪಂಚತಂತ್ರ! ಈಚೆಗೆ ಯಾರೋ ಈ ಕತೆಯನ್ನು ಮತ್ತೆ ಹೇಳುವಾಗ, ಖಾನ್ ಆ ಗಿಡುಗದ ಚಿನ್ನದ ಮೂರ್ತಿ ಮಾಡಿಸಿ ರೆಕ್ಕೆ ಮೇಲೆ ಈ ಮಾತು ಕೆತ್ತಿಸಿದ ಅಂತ ಸೇರಿಸಿದರು. ಮಾತು ರೆಕ್ಕೆ ಬಿಟ್ಟು ಹಾರಿತು.

‘ಹೆದರಿಕೆಯಿದ್ರೆ ಮಾಡಬೇಡ, ಮಾಡಿದ್ರೆ ಹೆದರಬೇಡ’ ಅನ್ನುವುದು ಮಂಗೋಲಿಯದ ಗಾದೆ. ಅಪ್ಪ ಯಾರು ಅಂತ ಗೊತ್ತಿಲ್ಲದ ಮಾತನ್ನು ದೊಡ್ಡ ಮನೆಗೆ ದತ್ತು ಕೊಡುವುದು ಎಲ್ಲ ಕಡೆ ಇದೆ. ನಮ್ಮಲ್ಲಿ ಸರ್ವಜ್ಞ ಹೀಗೆ ಎಷ್ಟು ದತ್ತುಮಕ್ಕಳನ್ನು ಸಾಕುತ್ತಿದ್ದಾನೋ!

ನನಗೆ ಜಾಸ್ತಿ ಕುತೂಹಲ ಇರುವುದು ಮಧ್ಯ ಏಷ್ಯಾದ ಬುಖಾರಾ ಊರಲ್ಲಿ ಆಡಿದ ಅನ್ನುವ ಮಾತಿನ ಬಗ್ಗೆ. ಯಾಕಂದ್ರೆ ಅದು ಹಳೇ ಪುಸ್ತಕದಲ್ಲೇ ಇದೆ. 1220ರ ಫೆಬ್ರವರಿಯಲ್ಲಿ ಊರು ಬಿತ್ತು. ಖಾನ್ ಈದ್ ನಮಾಜಿನ ಬಯಲಿನಲ್ಲಿ ಪೀಠ ಹತ್ತಿ ಸಾಹುಕಾರರಿಗೆ ಹೇಳಿದನಂತೆ: ‘ನೀವು ದೊಡ್ಡ ಪಾಪ ಮಾಡಿದ್ದೀರಿ. ನಾನು ದೇವರು ಕಳಿಸಿದ ಶಿಕ್ಷೆ. ನೀವು ಪಾಪ ಮಾಡದೇ ಇದ್ದಿದ್ದರೆ ನನ್ನಂಥವನನ್ನು ಅವನು ಕಳಿಸುತ್ತಲೇ ಇರಲಿಲ್ಲ.’

ಓದಿದರೆ ಮೈ ಜುಮ್ಮೆನ್ನುತ್ತೆ. ಆದರೆ ಬರೆದವರು ಯಾರು? ಅತಾ ಮಲಿಕ್ ಜುವೈನಿ. ಹುಟ್ಟಿದ್ದು 1226ರಲ್ಲಿ, ಅಂದ್ರೆ ಈ ಭಾಷಣ ಆಗಿ ಆರು ವರ್ಷಕ್ಕೆ. ಬರೆಯಲು ಕೂತಿದ್ದು 1250ರ ದಶಕದಲ್ಲಿ, ಪರ್ಷಿಯನ್ ಭಾಷೆಯಲ್ಲಿ. ಖಾನ್ ಆಡುತ್ತಿದ್ದದ್ದು ಮಂಗೋಲ್ ಭಾಷೆ, ದೇವರು ಅಂತ ನಂಬಿದ್ದು ನೀಲಿ ಆಕಾಶವನ್ನು. ಪಾಪಕ್ಕೆ ದೇವರು ಶಿಕ್ಷೆ ಕಳಿಸುತ್ತಾನೆ ಅನ್ನುವುದು ಮಸೀದಿಯ ಪ್ರವಚನದ ಧಾಟಿ. ಜುವೈನಿಯ ಪಾಡೂ ನೋಡಿ. ಅವನ ಅಪ್ಪ ಮಂಗೋಲರ ಹಣಕಾಸು ನೋಡಿಕೊಂಡವನು, ಸ್ವತಃ ಜುವೈನಿ ಬಾಗ್ದಾದ್ ಆಳಿದ್ದೂ ಮಂಗೋಲರ ಕೈಕೆಳಗೆ. ಸತ್ತವರು ಅವನ ಧರ್ಮದವರೇ. ಊಟ ಕೊಟ್ಟವರನ್ನು ಬಯ್ಯುವ ಹಾಗಿಲ್ಲ, ದೇವರು ಕೈಬಿಟ್ಟ ಅನ್ನುವ ಹಾಗೂ ಇಲ್ಲ. ಈ ಭಾಷಣದಲ್ಲಿ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಾಹುಕಾರರನ್ನು ಸೇರಿಸಿ ಬಚ್ಚಿಟ್ಟ ದುಡ್ಡು ಕೇಳಿದ್ದು ಇರಬಹುದು. ಉಳಿದದ್ದು ಜುವೈನಿಯ ಕಷ್ಟದ ಮಾತು ಅಂತಲೇ ನನ್ನ ಲೆಕ್ಕ.

ಶತ್ರುವನ್ನು ಸೋಲಿಸಿ ಅವನ ಕುದುರೆ ಏರುವುದೇ ಪರಮ ಸುಖ ಅನ್ನುವ ಮಾತನ್ನು ಖಾನ್ ಹೆಸರಲ್ಲಿ ಬರೆದಿಟ್ಟವನು ರಶೀದುದ್ದೀನ್, ಖಾನ್ ಸತ್ತು ಎಪ್ಪತ್ತು ವರ್ಷ ದಾಟಿದ ಮೇಲೆ. ಅವನೂ ಮಂಗೋಲರ ಮಂತ್ರಿಯೇ.

ಹಾಗಾದ್ರೆ ಮಂಗೋಲರು ತಾವೇ ಏನೂ ಬರೆಯಲಿಲ್ವಾ? ಬರೆದರು. ಅವರಿಗೆ ಉಯಿಗುರ್ ಜನರ ಲಿಪಿ ಬಂದಿದ್ದು 1204ರ ಹೊತ್ತಿಗೆ. ‘ಮಂಗೋಲರ ರಹಸ್ಯ ಇತಿಹಾಸ’ ಖಾನ್ ಸತ್ತ (1227) ಸ್ವಲ್ಪ ಕಾಲಕ್ಕೇ ಹುಟ್ಟಿತು. ವರ್ಷ 1228 ಅಂತ ಕೆಲವರು, 1240 ಅಂತ ಕೆಲವರು. ಅದರಲ್ಲೂ ಮಾತಿಗೆ ಪ್ರಾಸ ಹಾಕಿ ಸಿಂಗಾರ ಮಾಡಿದ್ದಾರೆ, ಹಾಗಾಗಿ ಅಕ್ಷರಕ್ಷರ ನಂಬೋಕಾಗಲ್ಲ. ಆದರೂ ಹುಲ್ಲುಗಾವಲಿನ ವಾಸನೆ ಇರುವುದು ಅಲ್ಲೇ. ತಮಾಷೆ ಅಂದ್ರೆ, ಅಲ್ಲಿ ನೆನಪಲ್ಲಿ ಉಳಿಯುವ ಮಾತುಗಳು ಹೆಂಗಸರದು. ಒಂದೊಂದೇ ಬಾಣ ಮುರಿಯುತ್ತೆ, ಐದು ಕಟ್ಟಿದರೆ ಮುರಿಯಲ್ಲ ಅಂತ ಐದು ಮಕ್ಕಳಿಗೆ ತೋರಿಸಿದವಳು ಅವನ ವಂಶದ ಮೂಲತಾಯಿ ಅಲಾನ್ ಗೋವಾ. ಈಗ ಅದೂ ಚೆಂಗೀಸ್ ಹೆಸರಲ್ಲಿ ಓಡಾಡುತ್ತಿದೆ. ಹುಡುಗನಾಗಿದ್ದಾಗ ಅವನು ತಮ್ಮನ ಜೊತೆ ಸೇರಿ, ಒಂದು ಮೀನಿನ ಜಗಳಕ್ಕೆ, ಮಲಸಹೋದರನನ್ನು ಬಾಣ ಬಿಟ್ಟು ಕೊಂದ. ಮನೆಗೆ ಬಂದಾಗ ತಾಯಿ ಹೋಯ್ಲುನ್ ಮುಖ ನೋಡಿಯೇ ಕಂಡುಹಿಡಿದಳು. ‘ನೆರಳು ಬಿಟ್ಟರೆ ನಿಮಗೆ ಗೆಳೆಯರಿಲ್ಲ, ಬಾಲ ಬಿಟ್ಟರೆ ಚಾಟಿಯಿಲ್ಲ, ಇಂಥಾ ಹೊತ್ತಲ್ಲಿ...’ ಅಂತ ಜಾಡಿಸಿದಳು.

ಚಿಕ್ಕಪ್ಪನಿಗೆ ಇಷ್ಟೆಲ್ಲ ಟೈಪ್ ಮಾಡಿ ಕಳಿಸಿದೆ. ಒಂದು ಹೆಬ್ಬೆರಳು ಬಂತು. ನಿನ್ನೆ ಬೆಳಗ್ಗೆ ಇನ್ನೊಂದು ಚಿತ್ರ. ಅದೇ ಉಣ್ಣೆ ಟೋಪಿ, ಅದೇ ಕೆಂಪು ಆಕಾಶ. ಈ ಸಲ ಕೆಳಗಿದ್ದ ಹೆಸರು ಚಾಣಕ್ಯ.