ಸೆಟ್ ಆಗುವ ತನಕ ಮೇಲೆ ಹೋಗಬೇಡಿ

ಮಳೆಗಾಲ ಹತ್ತಿರ ಬಂತಲ್ಲ, ಉಡುಪಿಯ ನಮ್ಮ ಮನೆಯ ತಾರಸಿಯ ಬಿರುಕು ಮುಚ್ಚಿಸಿದೆವು. ಹೊರಡುವಾಗ ಮೇಸ್ತ್ರಿ, "ಅಕ್ಕಾ, ಸೆಟ್ ಆಗುವ ತನಕ ಯಾರೂ ಮೇಲೆ ಹೋಗುವುದು ಬೇಡ" ಎಂದರು.

ಜಗಲಿಯಲ್ಲಿ ಟ್ಯೂಷನ್ನಿಗೆ ಕೂತಿದ್ದ ಎಂಟನೇ ಕ್ಲಾಸಿನ ಹುಡುಗ ತಲೆ ಎತ್ತಿದ. "ಟೀಚರ್, ಸೆಟ್ ಅಂದ್ರೆ ಇಡು ಅಂತ ಬರೆಸಿದ್ದೀರಿ. ಸಿಮೆಂಟ್ ಇಟ್ಟು ಆಯ್ತಲ್ಲ, ಇನ್ನು ಎಂತ ಸೆಟ್ ಆಗುವುದು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. 1989ರ ದೊಡ್ಡ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದದ್ದು ಇದೇ ಪದ. ಸುಮಾರು 430 ಅರ್ಥ! ಅಷ್ಟನ್ನು ಬಾಯಿಪಾಠ ಮಾಡಿಸಿದರೆ ನಾಳೆಯಿಂದ ಯಾರೂ ಟ್ಯೂಷನ್ನಿಗೆ ಬರಲಿಕ್ಕಿಲ್ಲ.

ರಾತ್ರಿ ಕೂತು ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ 'ಸಿಟ್ಟನ್' ಎಂದರೆ ಕೂರು, 'ಸೆಟ್ಟನ್' ಎಂದರೆ ಕೂರಿಸು. ಅಷ್ಟೇ! ನಾವು 'ಇಸು' ಸೇರಿಸುತ್ತೇವೆ, ಅವರು ಒಳಗಿನ ಸ್ವರ ಬದಲಿಸುತ್ತಿದ್ದರು. ಫಾಲ್ ಎಂದರೆ ಬೀಳು, ಮರವನ್ನು ಫೆಲ್ ಮಾಡುವುದೆಂದರೆ ಬೀಳಿಸು. ಅದೂ ಇದೇ ಜಾತಿ.

ಮರುದಿನ ಹುಡುಗನಿಗೆ 'ಇಡು' ಹೊಡೆದು ಹಾಕಿ 'ಕೂರಿಸು' ಬರೆಯಲು ಹೇಳಿದೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಸೆಟ್. ಡಾಕ್ಟರು ಮುರಿದ ಮೂಳೆ ಕೂರಿಸುತ್ತಾರೆ, ಅದೂ ಸೆಟ್. ಸಿಮೆಂಟ್ ಮಾತ್ರ ತಾನೇ ಕೂರುತ್ತದೆ, ಗಡ್‌ಬಡ್ ಐಸ್‌ಕ್ರೀಮಿನ ಜೆಲ್ಲಿಯ ಹಾಗೆ. ಆದರೆ ಅದು ಒಣಗುವುದಲ್ಲ. ನೀರಿನ ಜೊತೆ ಕೂಡಿಯೇ ಗಟ್ಟಿಯಾಗುವುದು. ಅದಕ್ಕೇ ಅಲ್ವಾ ಮೇಸ್ತ್ರಿ ದಿನಾ ನೀರು ಹಾಕಿ ಎಂದು ಹೇಳಿ ಹೋದದ್ದು. ಮಲ್ಪೆಯಲ್ಲಿ ಸೂರ್ಯ ಸೆಟ್ ಆಗುವುದೂ ಹೀಗೇ, ಯಾರೂ ಕೂರಿಸುವುದು ಬೇಡ. ನಮ್ಮ ಕನ್ನಡದಲ್ಲಿ ಅವನು ಕೂರುವುದಿಲ್ಲ, ಮುಳುಗುತ್ತಾನೆ. ನನಗೆ ಮುಳುಗುವುದೇ ಇಷ್ಟ.

ಅಲಾರಂ ಎಲ್ಲಿ ಕೂರಿಸುವುದು ಎಂದು ಕೇಳಿದ. ಮುಳ್ಳನ್ನು ಆರು ಗಂಟೆಗೆ ಕೂರಿಸುವುದು ಮಾರಾಯ, ಎಂದೆ. ಸ್ವಲ್ಪ ಎಳೆದು ಕೂರಿಸಿದ ಉತ್ತರ, ಒಪ್ಪುತ್ತೇನೆ. ಭೂತಕಾಲಕ್ಕೆ 'ಸೆಟ್ಟೆಡ್' ಎಂದು ಬರೆದಿದ್ದ. ನಿನ್ನೆಯೂ ಸೆಟ್, ಇವತ್ತೂ ಸೆಟ್ ಎಂದು ತಿದ್ದಿಸಿದೆ.

"ಹಾಗಾದ್ರೆ ಸೆಟ್ ದೋಸೆ ಯಾರು ಕೂರಿಸಿದ್ದು ಟೀಚರ್?"

ಆ ಸೆಟ್ ಬೇರೆ. ಗುಂಪು ಎನ್ನುವ ಅರ್ಥದ್ದು ಲ್ಯಾಟಿನ್‌ನಿಂದ ಫ್ರೆಂಚ್ ಹಾದು ಬಂದ ಪದ, ಪಂಥ ಎನ್ನುವ 'ಸೆಕ್ಟ್' ಅದರ ಒಡಹುಟ್ಟು. ಒಂದು ಸೆಟ್ಟಿಗೆ ದೋಸೆ ಎಷ್ಟು ಎಂದು ಅವನು ಕೇಳುವ ಮೊದಲೇ ಪುಸ್ತಕ ಮುಚ್ಚಿಸಿ ಮನೆಗೆ ಕಳಿಸಿದೆ.